ಅಂಗಡಿಯ ಮಾತು ಮತ್ತು ಖಾತೆಯ ಬರಹ: ಐರಿಷ್ ನುಡಿಯ ಪ್ರದೇಶಗಳ ದೈನಂದಿನ ಜೀವನದ ಒಂದು ಪರಿಶೀಲನೆ

ಭಾಷೆಯೊಂದು ತಾನು ಹುಟ್ಟಿ ಬೆಳೆದ ನೆಲದಲ್ಲಿಯೇ ಹಿಂಜರಿದುದಕ್ಕೆ ಕಾರಣಗಳನ್ನು ಹುಡುಕುವಾಗ ಚರಿತ್ರಕಾರರು ಸಾಮಾನ್ಯವಾಗಿ ಶಾಸನ, ನ್ಯಾಯಸ್ಥಾನ, ಪಾಠಶಾಲೆ ಇವುಗಳ ಕಡೆಗೆ ದೃಷ್ಟಿ ಹರಿಸುವರು. ಐರ್ಲೆಂಡಿನ ವಿಷಯದಲ್ಲಿಯೂ ಹಾಗೆಯೇ ಆಗಿದೆ. 1831ರಲ್ಲಿ ಏರ್ಪಟ್ಟ ರಾಷ್ಟ್ರೀಯ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷೇ ಬೋಧನೆಯ ಭಾಷೆಯಾಗಿದ್ದಿತು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿದುದರಿಂದ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. ಅದಕ್ಕೂ ಹೆಚ್ಚು ಮಂದಿ ಮುಂದಿನ ಕೆಲವೇ ವರ್ಷಗಳಲ್ಲಿ ಹಡಗು ಹತ್ತಿ ದೇಶಾಂತರ ಹೋದರು. ಐರಿಷ್ ಮಾತೃಭಾಷೆಯಾಗಿದ್ದ ಪಶ್ಚಿಮದ ಬಡಜನರಿಗೇ ಈ ಪೆಟ್ಟು ಹೆಚ್ಚಾಗಿ ತಗುಲಿತು. ಭಾಷೆಯನ್ನು ಕುರಿತ ಪ್ರಶ್ನೆ ಮೊದಲ ಬಾರಿಗೆ ಸೇರಿದ 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರ ಸಂಖ್ಯೆ ಸುಮಾರು 15 ಲಕ್ಷ. 1911ರಲ್ಲಿ ಸುಮಾರು 5 ಲಕ್ಷ 82 ಸಾವಿರ. ಇವೆಲ್ಲ ಐರ್ಲೆಂಡಿನ ಚರಿತ್ರೆಯನ್ನು ಓದಿದವರಿಗೆ ತಿಳಿದ ಸಂಗತಿಗಳೇ.

ಆದರೆ ಶಾಲೆಗೆ ಹೋಗುತ್ತಿದ್ದವರು ಮಕ್ಕಳು. ಅದೂ ಕೆಲವು ವರ್ಷಗಳ ಮಟ್ಟಿಗೆ. ನ್ಯಾಯಸ್ಥಾನದ ಮೆಟ್ಟಲನ್ನು ಜೀವಮಾನದಲ್ಲಿ ಒಮ್ಮೆಯೂ ಹತ್ತದವರು ಎಷ್ಟೋ ಮಂದಿ. ಅಂಗಡಿಯ ವಿಷಯ ಹಾಗಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಐರಿಷ್ ಮಾತನಾಡುವ ಕಡಲಂಚಿನ ಹಳ್ಳಿಗಳಲ್ಲಿ ಅಂಗಡಿಯ ಸಂಪರ್ಕವಿಲ್ಲದ ಮನೆಯೇ ಇರಲಿಲ್ಲವೆನ್ನಬಹುದು. ಆ ಅಂಗಡಿಯಲ್ಲಿ ಎರಡು ಭಾಷೆಗಳು ಎರಡು ಕೆಲಸಗಳನ್ನು ಮಾಡುತ್ತಿದ್ದವು. ಗಿರಾಕಿಯೊಡನೆ ಆಡುವ ಮಾತು ಐರಿಷ್. ಆ ಮಾತು ಮುಗಿದ ಮೇಲೆ ಖಾತೆಪುಸ್ತಕದಲ್ಲಿ ಬೀಳುವ ಬರಹ ಇಂಗ್ಲಿಷ್. ಭಾಷೆಯ ಅಳಿವು ಉಳಿವುಗಳನ್ನು ಅರಿಯಲು ಈ ಇಬ್ಬಗೆಯನ್ನು ಶಾಲೆಯಷ್ಟೇ ಗಮನಕ್ಕೆ ತೆಗೆದುಕೊಳ್ಳಬೇಕೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಐರಿಷ್ ನಿತ್ಯದ ಆಡುಮಾತಾಗಿ ಉಳಿದಿರುವ ಪ್ರದೇಶಗಳಿಗೆ ಗೇಲ್ತಾಖ್ತ್ ಎಂದು ಹೆಸರು. ಇವು ಒಂದಕ್ಕೊಂದು ಹೊಂದಿಕೊಂಡಿಲ್ಲ. ವಾಯವ್ಯದಲ್ಲಿ ಡಾನೆಗಾಲ್, ಪಶ್ಚಿಮದಲ್ಲಿ ಮೇಯೋ ಮತ್ತು ಗಾಲ್ವೇ, ನೈಋತ್ಯದಲ್ಲಿ ಕೆರ್ರಿ, ದಕ್ಷಿಣದಲ್ಲಿ ಕಾರ್ಕ್ ಮತ್ತು ವಾಟರ್‌ಫರ್ಡ್ ಕೌಂಟಿಗಳ ಕೆಲವು ಭಾಗಗಳು ಇದಕ್ಕೆ ಸೇರುತ್ತವೆ. ಇವಲ್ಲದೆ, 1935ರಿಂದ ಮುಂದಕ್ಕೆ ಸರ್ಕಾರವೇ ಪಶ್ಚಿಮದ ಕುಟುಂಬಗಳನ್ನು ಕರೆತಂದು ಪೂರ್ವದ ಮೀದ್ ಕೌಂಟಿಯಲ್ಲಿ ನೆಲೆಗೊಳಿಸಿದ ಸಣ್ಣ ವಸತಿಗಳೂ ಉಂಟು. ಪಶ್ಚಿಮ ತೀರದ ನೆಲ ಬಹುಮಟ್ಟಿಗೆ ಕಲ್ಲು ಮತ್ತು ಜೌಗು. ಹಿಡುವಳಿಗಳು ಅತಿ ಚಿಕ್ಕವು. ಇಂತಹ ನೆಲದಲ್ಲಿ ಬೆಳೆದುದರಿಂದಲೇ ವರ್ಷವಿಡೀ ಹೊಟ್ಟೆ ಹೊರೆಯುವುದು ಸಾಧ್ಯವಿರಲಿಲ್ಲ. ಅಂಗಡಿಯ ಕಥೆ ಆರಂಭವಾಗುವುದು ಇಲ್ಲಿಂದಲೇ.

ಮಹಾಕ್ಷಾಮಕ್ಕೆ ಮುಂಚೆ ಈ ಜನರ ಆಹಾರ ಆಲೂಗೆಡ್ಡೆ, ಮಜ್ಜಿಗೆ, ಕಡಲಂಚಿನಲ್ಲಿ ಮೀನು. ಬಟ್ಟೆ ಮನೆಯಲ್ಲಿಯೇ ನೂತ ಉಣ್ಣೆಯದು. ಕೊಳ್ಳುವುದು ಮಾರುವುದು ನಡೆಯುತ್ತಿದ್ದುದು ಮುಖ್ಯವಾಗಿ ಜಾತ್ರೆ ಸಂತೆಗಳಲ್ಲಿ. ದನದ ಜಾತ್ರೆಯಲ್ಲಿ ಮಧ್ಯಸ್ಥನೊಬ್ಬ ಇಬ್ಬರ ಕೈಗಳನ್ನೂ ಹಿಡಿದು ಸೇರಿಸಿ ವ್ಯಾಪಾರ ಕುದುರಿಸುತ್ತಿದ್ದನು. ಬೆಲೆ ತೀರ್ಮಾನವಾದ ಮೇಲೆ ಮಾರಿದವನು ಶುಭಕ್ಕೆಂದು ಒಂದು ನಾಣ್ಯವನ್ನು ಕೊಂಡವನಿಗೆ ಹಿಂದಿರುಗಿಸುವ ವಾಡಿಕೆಯಿದ್ದಿತು. ಅಲ್ಲಿ ಬರಹದ ಅವಶ್ಯಕತೆಯೇ ಇರಲಿಲ್ಲ. ಕೊಟ್ಟ ಮಾತು, ಕೂಡಿಸಿದ ಕೈ, ಸಾಕ್ಷಿಗೆ ಸುತ್ತ ನಿಂತ ಜನ, ಇಷ್ಟೇ ಸಾಕಾಗಿದ್ದಿತು.

ಕ್ಷಾಮ ಈ ವ್ಯವಸ್ಥೆಯನ್ನು ಮುರಿಯಿತು. 1845ರ ಕೊನೆಯಲ್ಲಿ ಪ್ರಧಾನಮಂತ್ರಿ ರಾಬರ್ಟ್ ಪೀಲ್ ಅಮೆರಿಕದಿಂದ ಒಂದು ಲಕ್ಷ ಪೌಂಡು ಬೆಲೆಯ ಮುಸುಕಿನ ಜೋಳವನ್ನು ತರಿಸಿದನು. ಅದರ ಹಿಟ್ಟಿಗೆ ಆ ನಾಡಿನ ಇಂಗ್ಲಿಷಿನಲ್ಲಿ ‘ಇಂಡಿಯನ್ ಹಿಟ್ಟು’ ಎಂದೂ ಐರಿಷಿನಲ್ಲಿ ‘ಹಳದಿ ಹಿಟ್ಟು’ ಎಂದೂ ಹೆಸರು ಬಂದಿತು. (ಇಲ್ಲಿನ ಇಂಡಿಯನ್ ಎಂಬುದು ಅಮೆರಿಕದ ಮೂಲನಿವಾಸಿಗಳಿಗೆ ಸಂಬಂಧಿಸಿದ್ದು, ನಮ್ಮ ದೇಶಕ್ಕೆ ಸಂಬಂಧಿಸಿದ್ದೆಂದು ವಿದ್ಯಾರ್ಥಿಗಳು ಭಾವಿಸಬಾರದು.) ಬರಗಾಲ ಕಳೆದ ಮೇಲೆಯೂ ಈ ಹಿಟ್ಟು ಬಡವರ ಊಟದಲ್ಲಿ ಉಳಿಯಿತು. ಅದು ಹೊಲದಲ್ಲಿ ಬೆಳೆಯುವ ಪದಾರ್ಥವಲ್ಲ, ಅಂಗಡಿಯಿಂದ ಬರುವ ಪದಾರ್ಥ. ವಸಂತಕಾಲದಲ್ಲಿ ಹಳೆಯ ಆಲೂಗೆಡ್ಡೆ ತೀರಿ ಹೊಸ ಬೆಳೆ ಬರುವವರೆಗಿನ ತಿಂಗಳುಗಳಲ್ಲಿ ಹಿಟ್ಟಿನ ಮೂಟೆಯನ್ನು ಉದ್ದರಿಯಾಗಿ ಕೊಡುವವನೇ ಆ ಮನೆಯ ಅನ್ನದಾತನಾದನು.

ಹಿಟ್ಟಿನ ಹಿಂದೆಯೇ ಚಹಾ, ಸಕ್ಕರೆ, ಹೊಗೆಸೊಪ್ಪು ಬಂದವು. ಚಹಾದ ಪ್ರವೇಶ ಎಷ್ಟು ಈಚಿನದೆಂಬುದಕ್ಕೆ ಕೆರ್ರಿ ತೀರದಾಚೆಯ ಗ್ರೇಟ್ ಬ್ಲಾಸ್ಕೆಟ್ ದ್ವೀಪದ ಬೆಸ್ತ ತೊಮಾಸ್ ಓ ಕ್ರಿಹನ್ 1929ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಒಂದು ಸ್ವಾರಸ್ಯವಾದ ಸಾಕ್ಷ್ಯವಿದೆ. ಒಡೆದ ಹಡಗೊಂದರಿಂದ ಚಹಾದ ಪೆಟ್ಟಿಗೆಗಳು ದಡಕ್ಕೆ ತೇಲಿ ಬಂದಾಗ ಅದು ಏನೆಂದು ಅಲ್ಲಿನ ಜನರಿಗೆ ತಿಳಿಯಲಿಲ್ಲವಂತೆ. ಹೆಂಗಸರು ಅದನ್ನು ಲಂಗಗಳಿಗೆ ಬಣ್ಣ ಕಟ್ಟಲು ಉಪಯೋಗಿಸಿದರಂತೆ. ಒಂದೆರಡು ತಲೆಮಾರುಗಳೊಳಗಾಗಿ ಅದೇ ಚಹಾ ಇಲ್ಲದೆ ದಿನ ಸಾಗದಂತಾಯಿತು. 1880ರ ದಶಕದ ಕೊನೆಯ ವೇಳೆಗೆ ಬ್ರಿಟಿಷ್ ದ್ವೀಪಗಳಿಗೆ ಬರುತ್ತಿದ್ದ ಚಹಾದಲ್ಲಿ ಚೀನಾದ ಪಾಲನ್ನು ಭಾರತ ಮತ್ತು ಸಿಂಹಳದ ಪಾಲು ಮೀರಿದ್ದುದರಿಂದ, ಅಸ್ಸಾಮಿನ ತೋಟದ ಕೂಲಿಯ ಶ್ರಮಕ್ಕೂ ಕಾನಮರಾದ ಗುಡಿಸಲಿನ ಒಲೆಗೂ ಅಂಗಡಿಯ ಮೂಲಕ ಸಂಬಂಧ ಏರ್ಪಟ್ಟಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಬ್ಲಾಸ್ಕೆಟ್ ದ್ವೀಪದಲ್ಲಿ ಅಂಗಡಿಯಾಗಲಿ ಮದ್ಯಶಾಲೆಯಾಗಲಿ ಇರಲಿಲ್ಲ. ಕ್ಯಾನ್ವಾಸು ಹೊದಿಸಿದ ಹಗುರವಾದ ದೋಣಿಯಲ್ಲಿ ಜಲಸಂಧಿಯನ್ನು ದಾಟಿ, ಅಲ್ಲಿಂದ ಹತ್ತು ಹನ್ನೆರಡು ಮೈಲಿ ನಡೆದು ಡಿಂಗಲ್ ಪಟ್ಟಣಕ್ಕೆ ಹೋಗಿ ದಿನಸಿ ತರಬೇಕಾಗಿದ್ದಿತು. ಹವಾಮಾನ ಕೆಟ್ಟರೆ ವಾರಗಟ್ಟಲೆ ಅದೂ ಇಲ್ಲ. 1953ರ ನವೆಂಬರಿನಲ್ಲಿ ಕೊನೆಯ ಕುಟುಂಬಗಳನ್ನು ಸರ್ಕಾರ ದಡಕ್ಕೆ ಸ್ಥಳಾಂತರಿಸುವವರೆಗೂ ಸ್ಥಿತಿ ಹೀಗೆಯೇ ಇದ್ದಿತು. ಇದೇ ದ್ವೀಪದ ಪ್ರಸಿದ್ಧ ಕಥೆಗಾರ್ತಿ ಪೆಗ್ ಸೇಯರ್ಸ್ ಬಾಲ್ಯದಲ್ಲಿ ಡಿಂಗಲ್ಲಿನ ಅಂಗಡಿಕಾರರೊಬ್ಬರ ಮನೆಯಲ್ಲಿ ಕೆಲಸದ ಹುಡುಗಿಯಾಗಿದ್ದಳು. ಹಳ್ಳಿಯ ಐರಿಷ್ ಹುಡುಗಿಯೊಬ್ಬಳು ಪಟ್ಟಣದ ಬಾಳನ್ನು ಮೊದಲು ಕಂಡುದು ಅಂಗಡಿಯ ಹಿಂಬಾಗಿಲಿನಿಂದ ಎಂಬುದು ಆ ಕಾಲಕ್ಕೆ ವಿಶೇಷವಾದ ಸಂಗತಿಯೇನೂ ಅಲ್ಲ.

ಅಂಗಡಿಯ ಪದಾರ್ಥಕ್ಕೂ ಮನೆಯ ಪದಾರ್ಥಕ್ಕೂ ಇದ್ದ ಅಂತರ ಭಾಷೆಯಲ್ಲಿಯೇ ದಾಖಲಾಗಿದೆ. ಐರಿಷಿನಲ್ಲಿ ಅಂಗಡಿಗೆ ‘ಶೊಪ’ ಎಂದು ಹೆಸರು. ಶಬ್ದ ಇಂಗ್ಲಿಷಿನಿಂದ ಬಂದುದೆಂದು ಕೇಳಿದೊಡನೆಯೇ ತಿಳಿಯುವುದು. ‘ಅಂಗಡಿಯ ರೊಟ್ಟಿ’, ‘ಅಂಗಡಿಯ ಬಟ್ಟೆ’ ಎಂಬ ಮಾತುಗಳು ಒಂದೆಡೆ ಅಂತಸ್ತನ್ನೂ ಇನ್ನೊಂದೆಡೆ ಮೈಗಳ್ಳತನದ ಆರೋಪವನ್ನೂ ಸೂಚಿಸಬಲ್ಲವು. ನಾಣ್ಯಗಳ ಹೆಸರುಗಳಲ್ಲಿ ಮಾತ್ರ ಐರಿಷ್ ತನ್ನ ಹಳೆಯ ನೆನಪನ್ನು ಉಳಿಸಿಕೊಂಡಿದ್ದಿತು. ಆರು ಪೆನ್ನಿಯ ನಾಣ್ಯಕ್ಕೆ ‘ರೇಯಲ್’ ಎನ್ನುತ್ತಿದ್ದರು. ಅದು ಒಂದು ಕಾಲದಲ್ಲಿ ಅಲ್ಲಿ ಚಲಾವಣೆಯಲ್ಲಿದ್ದ ಸ್ಪೇನಿನ ನಾಣ್ಯದ ಹೆಸರು.

ಐರಿಷ್ ವಾಕ್ಯರಚನೆಯ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳುವುದು ಕನ್ನಡಿಗರಿಗೆ ಅಪ್ರಸ್ತುತವಾಗಲಾರದು. ಇಂಗ್ಲಿಷಿನಲ್ಲಿರುವಂತೆ ಒಡೆತನವನ್ನು ಹೇಳುವ ಕ್ರಿಯಾಪದ ಐರಿಷಿನಲ್ಲಿ ಇಲ್ಲ. ‘ನನ್ನ ಹತ್ತಿರ ಹಣ ಇದೆ’ ಎಂದು ನಾವು ಹೇಳುವಂತೆಯೇ ಅವರೂ ಹೇಳುವರು. ಸಾಲವೂ ಹಾಗೆಯೇ: ಅದು ಮನುಷ್ಯನ ‘ಮೇಲೆ’ ಇರುತ್ತದೆ. ಅಂಗಡಿಯವನು ‘ನಿನ್ನ ಮೇಲೆ ನನ್ನದೊಂದು ಪೌಂಡು ಇದೆ’ ಎಂದರೆ ಬಾಕಿ ಬರಬೇಕೆಂದು ಅರ್ಥ. ಸರಕಿನ ಬೆಲೆಯನ್ನು ಕೇಳುವಾಗಲೂ ‘ಇದರ ಮೇಲೆ ಎಷ್ಟಿದೆ’ ಎಂದೇ ಕೇಳುವರು. ಹೌದು, ಇಲ್ಲ ಎಂಬ ಒಂಟಿ ಶಬ್ದಗಳೂ ಆ ಭಾಷೆಯಲ್ಲಿ ಇಲ್ಲ. ‘ಸಕ್ಕರೆ ಇದೆಯೇ’ ಎಂದರೆ ‘ಇದೆ’ ಎಂದು ಕ್ರಿಯಾಪದವನ್ನೇ ಮರಳಿ ಹೇಳಬೇಕು. ಒಳಗೆ ಬರುವವನು ದೇವರ ಹೆಸರಿನಲ್ಲಿ ವಂದಿಸಿದರೆ, ಉತ್ತರ ಕೊಡುವವನು ಮೇರಿಮಾತೆಯ ಹೆಸರನ್ನೂ ಸೇರಿಸಿ ಹರಸುವನು. ಹೀಗೆ ಅಂಗಡಿಯ ಸಂಭಾಷಣೆ ಒಂದು ಸಂಪೂರ್ಣವಾದ ಆಚಾರವಾಗಿದ್ದಿತು. ಗಿರಾಕಿಯನ್ನು ಉಳಿಸಿಕೊಳ್ಳಬೇಕೆನ್ನುವ ವರ್ತಕನಿಗೆ ಅದನ್ನು ಬಲ್ಲ ನಾಲಗೆ ಬೇಕಾಗಿದ್ದಿತು.

ಇನ್ನು ಖಾತೆಪುಸ್ತಕದ ಕಡೆಗೆ ತಿರುಗೋಣ. ಮೇಲೆ ಹೇಳಿದ ಶಾಲೆಗಳಲ್ಲಿ ಓದು ಬರಹ ಕಲಿತವರು ಕಲಿತುದು ಇಂಗ್ಲಿಷಿನ ಓದು ಬರಹವನ್ನು. ಐರಿಷ್ ಅಲ್ಲಿ ಶಾಲೆಯ ವೇಳೆಯ ಹೊರಗಿನ ಒಂದು ಹೆಚ್ಚಿನ ವಿಷಯವಾಗಿ ಪ್ರವೇಶ ಪಡೆದುದೇ 1870ರ ದಶಕದ ಕೊನೆಯಲ್ಲಿ; ದ್ವಿಭಾಷಾ ಪಾಠಕ್ರಮ ಬಂದುದು 1904ರಲ್ಲಿ. ಆದುದರಿಂದ ಮಾತಿನಲ್ಲಿ ಐರಿಷನ್ನು ನಿರರ್ಗಳವಾಗಿ ಬಳಸುವ ಅಂಗಡಿಕಾರನೂ ಲೇಖನಿ ಹಿಡಿದೊಡನೆ ಇಂಗ್ಲಿಷಿಗೆ ತಿರುಗುತ್ತಿದ್ದನು. ಇದಕ್ಕೆ ಅಪವಾದವಿಲ್ಲದಿಲ್ಲ. ಕಿಲ್ಕೆನ್ನಿ ಕೌಂಟಿಯ ಕ್ಯಾಲನ್ ಪಟ್ಟಣದಲ್ಲಿ ಉಪಾಧ್ಯಾಯನೂ ವರ್ತಕನೂ ಆಗಿದ್ದ ಹಂಫ್ರಿ ಓಸಲಿವನ್ 1827ರಿಂದ 1835ರವರೆಗೆ ಐರಿಷಿನಲ್ಲಿಯೇ ದಿನಚರಿ ಬರೆದನು. ಆದರೆ ಅವನ ತಂದೆಯೂ ಊರಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ಹಸ್ತಪ್ರತಿಗಳ ಹಳೆಯ ಪರಂಪರೆಗೆ ಸೇರಿದ ಮನೆತನ ಅದು. ಶತಮಾನದ ಕೊನೆಯ ಸಾಮಾನ್ಯ ಅಂಗಡಿಕಾರನಿಗೆ ಅಂತಹ ಪರಂಪರೆಯ ಆಸರೆಯಿರಲಿಲ್ಲ.

ಈ ಖಾತೆಯಲ್ಲಿ ಏನಿರುತ್ತಿದ್ದಿತು ಎಂಬುದನ್ನು ಊಹಿಸಬೇಕಾಗಿಲ್ಲ. 1891ರಲ್ಲಿ ಬ್ರಿಟಿಷ್ ಸರ್ಕಾರ ಪಶ್ಚಿಮದ ಬಡ ಜಿಲ್ಲೆಗಳ ಸುಧಾರಣೆಗಾಗಿ ಒಂದು ಮಂಡಳಿಯನ್ನು ನೇಮಿಸಿತು. ಜನಸಂಖ್ಯೆಯ ತಲೆಗೆ 30 ಷಿಲಿಂಗಿಗಿಂತ ಕಡಮೆ ಭೂಮೌಲ್ಯವಿದ್ದ ವಿಭಾಗಗಳು ಅದರ ವ್ಯಾಪ್ತಿಗೆ ಬಂದವು. ಐರಿಷ್ ಮಾತನಾಡುವ ಪ್ರದೇಶಗಳ ಬಹುಭಾಗ ಇವುಗಳಲ್ಲಿಯೇ ಇದ್ದಿತು. ಮಂಡಳಿಯ ತನಿಖಾಧಿಕಾರಿಗಳು ಪ್ರತಿಯೊಂದು ಜಿಲ್ಲೆಯಲ್ಲಿಯೂ ಮನೆಗಳ ಆಯವ್ಯಯವನ್ನು ವಿಚಾರಿಸಿ ವರದಿ ಬರೆದರು. ದನಕರು, ಮೊಟ್ಟೆ, ಹೆಣಿಗೆ, ಸುಟ್ಟ ಕಡಲಕಳೆಯ ಬೂದಿ, ಸ್ಕಾಟ್ಲೆಂಡಿಗೆ ಹೋಗಿ ಮಾಡಿದ ಸುಗ್ಗಿಯ ಕೂಲಿ, ಇವು ಆದಾಯ. ಹಿಟ್ಟು, ಚಹಾ, ಸಕ್ಕರೆ, ಹೊಗೆಸೊಪ್ಪು, ಬಟ್ಟೆ, ಇವು ವೆಚ್ಚ. ವೆಚ್ಚ ವರ್ಷವಿಡೀ ನಡೆಯುವಂಥದು. ಆದಾಯ ವರ್ಷಕ್ಕೆ ಒಂದೆರಡು ಸಲ ಬರುವಂಥದು. ಇವೆರಡರ ನಡುವಣ ಕಂದರವನ್ನು ತುಂಬುತ್ತಿದ್ದುದು ಅಂಗಡಿಯ ಉದ್ದರಿ. ಹೆಂಗಸರು ಮಾತ್ರ ಮೊಟ್ಟೆಗಳನ್ನು ಬುಟ್ಟಿಯಲ್ಲಿ ತಂದು ಅವುಗಳಿಗೆ ಬದಲಾಗಿ ಚಹಾ ಸಕ್ಕರೆಗಳನ್ನು ಒಯ್ಯುತ್ತಿದ್ದರು; ಆ ವ್ಯವಹಾರ ಗಂಡಸಿನ ಸಾಲದ ಲೆಕ್ಕಕ್ಕೆ ಸೇರದೆ ಬೇರೆಯಾಗಿ ನಡೆಯುತ್ತಿದ್ದುದುಂಟು.

ಅಂಗಡಿಕಾರನು ಬರಿಯ ಅಂಗಡಿಕಾರನಾಗಿರಲಿಲ್ಲ. ಮದ್ಯ ಮಾರುವವನು, ಮೊಟ್ಟೆ ಮೀನುಗಳನ್ನು ಕೊಳ್ಳುವವನು, ಅಂಚೆಯನ್ನು ನೋಡಿಕೊಳ್ಳುವವನು, ಅಮೆರಿಕದ ಹಡಗಿಗೆ ಚೀಟಿ ಕೊಡುವ ಏಜೆಂಟು, ಹಲವೆಡೆ ಎಲ್ಲವೂ ಅವನೇ. ಕಾನಮರಾದಲ್ಲಿ ಗಾಲ್ವೇ ಪಟ್ಟಣದಿಂದ ಹಿಟ್ಟನ್ನೂ ಸರಕನ್ನೂ ಹೊತ್ತು ತರುವ ಹಾಯಿದೋಣಿಗಳು ಬರಬೇಕಾದುದು ಅವನ ಕಟ್ಟೆಗೆ. ಮಗಳು ಬಾಸ್ಟನ್ನಿಗೆ ಹೋಗಲು ಚೀಟಿಯನ್ನು ಉದ್ದರಿ ಕೊಡುವವನು ಅವನು. ಅವಳು ಅಲ್ಲಿಂದ ಕಳಿಸಿದ ಹಣ ಕ್ರಿಸ್‌ಮಸ್ಸಿನ ಹೊತ್ತಿಗೆ ಬಂದು ಸೇರುವುದೂ ಅವನ ಗಲ್ಲಾಪೆಟ್ಟಿಗೆಯನ್ನೇ. 1898ರ ಸ್ಥಳೀಯ ಆಡಳಿತದ ಕಾನೂನಿನ ನಂತರ ಕೌಂಟಿ ಪರಿಷತ್ತುಗಳಿಗೆ ಆಯ್ಕೆಯಾದವರಲ್ಲಿಯೂ ಈ ವರ್ಗದವರು ಅನೇಕರು. ಜನರು ಇಂಥವನಿಗೆ ‘ಗೊಂಬೀನ್’ ಮನುಷ್ಯನೆಂದು ಹೆಸರಿಟ್ಟರು. ಬಡ್ಡಿ, ಅದರಲ್ಲಿಯೂ ಅನ್ಯಾಯದ ಬಡ್ಡಿ ಎಂಬ ಅರ್ಥದ ‘ಗಾಂಬೀನ್’ ಎಂಬ ಐರಿಷ್ ಶಬ್ದವೇ ಇದರ ಮೂಲ. ಆ ನಾಡಿನ ಇಂಗ್ಲಿಷಿಗೆ ವಾಣಿಜ್ಯದ ಶಬ್ದಗಳಲ್ಲಿ ಐರಿಷ್ ಕೊಟ್ಟ ಪ್ರಮುಖ ಕೊಡುಗೆ ಒಂದು ಬೈಗುಳವೆಂಬುದು ಯೋಚಿಸತಕ್ಕ ವಿಷಯ. ನಾಟಕಕಾರ ಸಿಂಜ್ 1905ರಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗಾಗಿ ಈ ಜಿಲ್ಲೆಗಳಲ್ಲಿ ಸಂಚರಿಸಿದಾಗ, ಲೇಖನಗಳಲ್ಲಿ ಪೂರ್ತಿಯಾಗಿ ಹೇಳದ ಕೋಪವನ್ನು ಈ ವರ್ಗದ ಮೇಲೆ ಸ್ನೇಹಿತನಿಗೆ ಬರೆದ ಖಾಸಗಿ ಪತ್ರದಲ್ಲಿ ತೋಡಿಕೊಂಡಿದ್ದಾನೆ.

ಗೊಂಬೀನ್ ಮನುಷ್ಯನು ನಿಜವಾಗಿ ಅಷ್ಟು ಕ್ರೂರನೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. 1974ರಲ್ಲಿ ಪೀಟರ್ ಗಿಬ್ಬನ್ ಮತ್ತು ಮೈಕೆಲ್ ಹಿಗ್ಗಿನ್ಸ್ ಎಂಬ ಸಮಾಜಶಾಸ್ತ್ರಜ್ಞರು, ಸಾಲವನ್ನೇ ಅಧಿಕಾರದ ಸಾಧನವಾಗಿ ಮಾಡಿಕೊಂಡ ವರ್ಗವಿದು ಎಂದು ವಾದಿಸಿದರು. (ಈ ಹಿಗ್ಗಿನ್ಸರೇ ಮುಂದೆ 2011ರಿಂದ 2025ರವರೆಗೆ ಐರ್ಲೆಂಡಿನ ರಾಷ್ಟ್ರಾಧ್ಯಕ್ಷರಾಗಿದ್ದವರು.) 1977ರಲ್ಲಿ ಆರ್ಥಿಕ ಚರಿತ್ರಕಾರ ಲಿಯಾಮ್ ಕೆನೆಡಿ ಇದನ್ನು ಪ್ರಶ್ನಿಸಿದರು. ವರ್ತಕರ ನಡುವೆ ಸ್ಪರ್ಧೆಯಿದ್ದಿತು, ಉದ್ದರಿಯ ಹೆಚ್ಚಿನ ಬೆಲೆಯಲ್ಲಿ ಸಾಲ ಮುಳುಗುವ ಅಪಾಯದ ಬೆಲೆಯೂ ಸೇರಿದ್ದಿತು ಎಂಬುದು ಅವರ ನಿಲುವು. ಅಮೆರಿಕದ ಮಾನವಶಾಸ್ತ್ರಜ್ಞ ಕಾನ್ರಾಡ್ ಆರೆನ್ಸ್‌ಬರ್ಗ್ 1937ರ ತನ್ನ ಗ್ರಂಥದಲ್ಲಿ ಕ್ಲೇರ್ ಕೌಂಟಿಯ ಅಂಗಡಿಗಳನ್ನು ವರ್ಣಿಸುತ್ತ, ಅಲ್ಲಿ ಸಾಲ ಎಂಬುದು ಬಾಂಧವ್ಯದ ಕೊಂಡಿಯೂ ಆಗಿದ್ದಿತೆಂದು ತೋರಿಸಿದ್ದನು. ಬಾಕಿಯನ್ನು ಪೂರ್ತಿಯಾಗಿ ತೀರಿಸುವುದೆಂದರೆ ಸಂಬಂಧವನ್ನು ಕಡಿದುಕೊಂಡಂತೆ. ಕ್ರಿಸ್‌ಮಸ್ಸಿಗೆ ಮುಂಚೆ ನಡೆಯುವ ‘ದೊಡ್ಡ ಸಂತೆ’ಯ ದಿನ ಖಾಯಂ ಗಿರಾಕಿಗೆ ಅಂಗಡಿಕಾರನು ದೊಡ್ಡ ಮೋಂಬತ್ತಿಯನ್ನೋ ಹಣ್ಣಿನ ರೊಟ್ಟಿಯನ್ನೋ ಕಾಣಿಕೆ ಕೊಡುತ್ತಿದ್ದುದು ಈ ಬಾಂಧವ್ಯದ ಕುರುಹು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿರಬಹುದು. ಆದರೆ ಬಡ್ಡಿಯ ದರವನ್ನು ಕುರಿತ ಈ ವಾದದಲ್ಲಿ ಭಾಷೆಯ ಪ್ರಶ್ನೆ ಹಿಂದೆ ಬಿದ್ದಿದೆಯೆಂದು ನಮಗೆ ತೋರುತ್ತದೆ. ಖಾತೆಯಲ್ಲಿ ತನ್ನ ಹೆಸರಿನ ಎದುರಿಗೆ ಏನು ಬರೆದಿದೆಯೆಂಬುದನ್ನು ಓದಲಾರದವನಿಗೆ ದರ ನ್ಯಾಯವಾದುದೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಮಾರ್ಗವೇ ಇರಲಿಲ್ಲ. ಅವನಿಗೆ ಇಂಗ್ಲಿಷ್ ಬೇಕಾದುದು ಷೇಕ್ಸ್‌ಪಿಯರನನ್ನು ಓದುವುದಕ್ಕಲ್ಲ, ತನ್ನ ಬಾಕಿಯನ್ನು ಓದಿಕೊಳ್ಳುವುದಕ್ಕೆ. ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕೆಂದು ಐರಿಷ್ ತಂದೆತಾಯಿಗಳೇ ಹಂಬಲಿಸಿದುದನ್ನು ಕೇವಲ ಗುಲಾಮಬುದ್ಧಿಯೆಂದು ತಳ್ಳಿಹಾಕುವವರು ಈ ಅಂಶವನ್ನು ಪರ್ಯಾಲೋಚಿಸಬೇಕು.

ಬರಹದ ಈ ಏಕಸ್ವಾಮ್ಯವನ್ನು ಪ್ರಶ್ನಿಸುವ ಪ್ರಯತ್ನ 1893ರಲ್ಲಿ ಡಗ್ಲಸ್ ಹೈಡ್, ಓಯನ್ ಮ್ಯಾಕ್‌ನೀಲ್ ಮೊದಲಾದವರು ಗೇಲಿಕ್ ಸಂಘವನ್ನು ಸ್ಥಾಪಿಸಿದ ಮೇಲೆ ನಡೆಯಿತು. ಅಂಗಡಿಯ ಬಾಗಿಲ ಮೇಲೂ ಗಾಡಿಗಳ ಮೇಲೂ ಹೆಸರನ್ನು ಐರಿಷಿನಲ್ಲಿ ಬರೆಸಬೇಕೆಂದು ಸಂಘದವರು ಪ್ರಚಾರ ಮಾಡಿದರು. ಗಾಡಿಯ ಮೇಲೆ ಒಡೆಯನ ಹೆಸರು ಓದಲು ಬರುವಂತೆ ಇರಬೇಕೆಂದು 1851ರ ಕಾನೂನೊಂದು ವಿಧಿಸಿದ್ದಿತು. ಡಾನೆಗಾಲಿನ ರೈತನೂ ಹಾಡುಗಾರನೂ ಆದ ನೀಲ್ ಮ್ಯಾಕ್‌ಬ್ರೈಡ್ ಐರಿಷ್ ಲಿಪಿಯಲ್ಲಿ ಹೆಸರು ಬರೆಸಿದುದಕ್ಕಾಗಿ ದಂಡಕ್ಕೆ ಗುರಿಯಾದನು. 1905ರಲ್ಲಿ ಮೊಕದ್ದಮೆ ಡಬ್ಲಿನ್ನಿನ ಮೇಲಿನ ನ್ಯಾಯಾಲಯಕ್ಕೆ ಹೋದಾಗ ಅವನ ಪರವಾಗಿ ವಾದಿಸಿದವರಲ್ಲಿ ಒಬ್ಬ ತರುಣ ವಕೀಲ ಪ್ಯಾಟ್ರಿಕ್ ಪಿಯರ್ಸ್. 1916ರ ದಂಗೆಯ ನಾಯಕನಾಗಿ ಗುಂಡಿಗೆ ಬಲಿಯಾದವನು ಇವನೇ. ನ್ಯಾಯಾಲಯ ದಂಡವನ್ನು ಎತ್ತಿಹಿಡಿಯಿತು. ಐರಿಷ್ ಮಾತನಾಡುವ ನೆಲದಲ್ಲಿ ಐರಿಷ್ ಅಕ್ಷರಗಳು ಕಾನೂನಿನ ಕಣ್ಣಿಗೆ ಓದಲಾಗದ ಬರಹವಾದವು.

ಸಾಲದ ಕಡೆಯಿಂದ ಇನ್ನೊಂದು ಪ್ರಯತ್ನ ನಡೆಯಿತು. ಡಾನೆಗಾಲಿನ ಡಂಗ್ಲೋ ಪ್ರದೇಶದ ಪ್ಯಾಟ್ರಿಕ್ ಗ್ಯಾಲಗರ್ ಬಾಲ್ಯದಲ್ಲಿಯೇ ಕೂಲಿಯಾಳುಗಳನ್ನು ಗೊತ್ತು ಮಾಡುವ ಜಾತ್ರೆಯಲ್ಲಿ ಜೀತಕ್ಕೆ ನಿಂತವನು. ಮುಂದೆ ಸ್ಕಾಟ್ಲೆಂಡಿನಲ್ಲಿ ದುಡಿಯುವಾಗ ಅಲ್ಲಿನ ಸಹಕಾರಿ ಅಂಗಡಿಯ ಪ್ರಯೋಜನವನ್ನು ಕಂಡುಕೊಂಡನು. ಊರಿಗೆ ಮರಳಿ ಬಂದು 1906ರಲ್ಲಿ ನೆರೆಹೊರೆಯ ಕೆಲವರನ್ನು ಸೇರಿಸಿ ಟೆಂಪಲ್‌ಕ್ರೋನ್ ಸಹಕಾರ ಸಂಘವನ್ನು ಆರಂಭಿಸಿದನು. ಗೊಬ್ಬರವನ್ನು ಒಟ್ಟಾಗಿ ಕೊಳ್ಳುವುದರಿಂದ ತೊಡಗಿದ ಈ ಸಂಘ ಅಂಗಡಿಯನ್ನೂ, ಹೆಂಗಸರಿಗಾಗಿ ಹೆಣಿಗೆಯ ಉದ್ಯಮವನ್ನೂ ತೆರೆಯಿತು. ಅದುವರೆಗೆ ಆ ಭಾಗದ ಹೆಂಗಸರು ನೂಲಿಗಾಗಿ ಗ್ಲೆಂಟೀಸ್ ಪಟ್ಟಣದವರೆಗೆ ನಡೆದುಹೋಗಿ, ಕಾಲುಚೀಲ ಹೆಣೆದು, ಮತ್ತೆ ನಡೆದುಹೋಗಿ ಒಪ್ಪಿಸಿ ಅಲ್ಪಸ್ವಲ್ಪ ಗಳಿಸುತ್ತಿದ್ದರು. ಊರಿನ ವರ್ತಕರು ಸಂಘವನ್ನು ಬಲವಾಗಿ ವಿರೋಧಿಸಿದರೂ ಅದು ನಿಂತಿತು. ನಮ್ಮ ಗದಗ ಸೀಮೆಯ ಕಣಗಿನಹಾಳದ ಸಹಕಾರಿ ಪತ್ತಿನ ಸಂಘ ಇದಕ್ಕೆ ಒಂದು ವರ್ಷ ಹಿಂದಿನದು, 1905ರದು; ಬಡ್ಡಿಯ ಹೊರೆಯಿಂದ ರೈತನನ್ನು ಬಿಡಿಸಲು ಯೂರೋಪಿನಲ್ಲಿ ಹುಟ್ಟಿದ ಸಹಕಾರ ತತ್ತ್ವವೇ ಎರಡು ಕಡೆಗಳಲ್ಲಿಯೂ ಪ್ರೇರಣೆ. ಇಂಗ್ಲಿಷಿನ ‘ಕೋ ಆಪ್’ ಎಂಬುದು ಊರಿನವರ ಬಾಯಲ್ಲಿ ‘ಕೋಪ್’ ಆಗಿ, ಗ್ಯಾಲಗರನು ‘ಪ್ಯಾಡಿ ದಿ ಕೋಪ್’ ಎಂದೇ ಪ್ರಸಿದ್ಧನಾದನು. ಅವನು 1939ರಲ್ಲಿ ಬರೆದ ಆತ್ಮಕಥೆ ಇಂಗ್ಲಿಷಿನಲ್ಲಿದೆ. ಸಾಲದ ಸರಪಳಿ ಸಡಿಲವಾದುದು ನಿಜ. ಬರಹದ ಭಾಷೆ ಬದಲಾಗಲಿಲ್ಲ. ಡಂಗ್ಲೋ ಇಂದಿಗೂ ಗೇಲ್ತಾಖ್ತ್ ಎಲ್ಲೆಯೊಳಗಿನ ಪಟ್ಟಣವೆನಿಸಿಕೊಂಡಿದ್ದರೂ ಅಲ್ಲಿನ ಬೀದಿಯ ಮಾತು ಬಹುಪಾಲು ಇಂಗ್ಲಿಷೇ.

1922ರಲ್ಲಿ ಸ್ವತಂತ್ರ ರಾಜ್ಯ ಸ್ಥಾಪನೆಯಾಯಿತು. 1925ರಲ್ಲಿ ನೇಮಕವಾದ ಆಯೋಗ, ನೂರಕ್ಕೆ 80ಕ್ಕಿಂತ ಹೆಚ್ಚು ಜನ ಐರಿಷ್ ಬಲ್ಲ ಪ್ರದೇಶ ಪೂರ್ಣ ಗೇಲ್ತಾಖ್ತ್, 25ರಿಂದ 79ರವರೆಗಿನದು ಮಿಶ್ರ ಗೇಲ್ತಾಖ್ತ್ ಎಂದು ವಿಂಗಡಿಸಿತು. ಶಾಲೆ, ಸರ್ಕಾರಿ ನೌಕರಿ, ಪೋಲೀಸು ಇವುಗಳಲ್ಲಿ ಐರಿಷನ್ನು ತರುವ ಯತ್ನಗಳು ನಡೆದವು. ಅವುಗಳ ವಿವರಗಳಿಗೆ ಇಲ್ಲಿ ಅವಕಾಶವಿಲ್ಲ. ಅಂಗಡಿಯನ್ನು ಯಾವ ಆಜ್ಞೆಯೂ ಮುಟ್ಟಲಿಲ್ಲವೆಂಬುದಷ್ಟೇ ನಮಗೆ ಪ್ರಸ್ತುತ. ಈ ಕಾಲದ ಅಂಗಡಿಯನ್ನು ಅರಿಯಲು ಎರಡು ಆಧಾರಗಳು ಬಹಳ ಉಪಯುಕ್ತ. ಒಂದು, 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ 50,000ದಷ್ಟು ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದ ಜಾನಪದ ಸಂಗ್ರಹ. ಹಿಂದಿನ ಕಾಲದ ಕೊಳ್ಳುವಿಕೆ ಮಾರುವಿಕೆಯೂ ಅದರ ವಿಷಯಗಳಲ್ಲಿ ಒಂದಾಗಿದ್ದಿತು. ಇನ್ನೊಂದು, ಮಾರ್ಟೀನ್ ಓ ಕೈನ್ 1949ರಲ್ಲಿ ಪ್ರಕಟಿಸಿದ ‘ಕ್ರೇ ನ ಕಿಲ್ಲೆ’ ಎಂಬ ಕಾದಂಬರಿ. ಕಾನಮರಾದ ಸ್ಮಶಾನದಲ್ಲಿ ಹೂತ ಹೆಣಗಳು ಪರಸ್ಪರ ಜಗಳವಾಡುವುದೇ ಅದರ ವಸ್ತು. ಅವುಗಳಲ್ಲಿ ‘ಅಂಗಡಿಯ ಶುವಾನ್’ ಎಂಬವಳೂ ಒಬ್ಬಳು. ಸತ್ತು ಮಣ್ಣಾದ ಮೇಲೂ ಊರವರು ಅವಳನ್ನು ಅಂಗಡಿಯ ಹೆಸರಿನಿಂದಲೇ ಕರೆಯುವರು, ಅಂಗಡಿಯ ಹಳೆಯ ವ್ಯವಹಾರಗಳನ್ನೇ ಎತ್ತಿ ಆಡುವರು. ಕಾದಂಬರಿ ಚರಿತ್ರೆಗೆ ನೇರವಾದ ಆಧಾರವಾಗದೆಂಬ ಆಕ್ಷೇಪಣೆ ಸರಿಯಾದುದೇ. ಆದರೂ ಉದ್ದರಿ ಹಳ್ಳಿಯ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದ್ದಿತೆಂಬುದನ್ನು ಜನಗಣತಿಯ ಕೋಷ್ಟಕ ಹೇಳಲಾರದು.

ಅಂಗಡಿಗೂ ಭಾಷೆಗೂ ಇದ್ದ ಸಂಬಂಧ ಇನ್ನೊಂದು ರೀತಿಯಲ್ಲಿ ತಿರುಗಿದುದು ಬೇಸಿಗೆಯ ಕಾಲೇಜುಗಳಿಂದ. ಕಾರ್ಕ್ ಕೌಂಟಿಯ ಬ್ಯಾಲಿಂಗಿಯರಿಯಲ್ಲಿ 1904ರಲ್ಲಿ ಆರಂಭವಾದ ಇಂತಹ ಕಾಲೇಜುಗಳು ಕ್ರಮೇಣ ಗೇಲ್ತಾಖ್ತ್ ಪ್ರದೇಶಗಳಲ್ಲೆಲ್ಲ ಹರಡಿದವು. ಪಟ್ಟಣಗಳ ಹದಿಹರೆಯದ ಮಕ್ಕಳು ಕೆಲವು ವಾರ ಅಲ್ಲಿನ ಮನೆಗಳಲ್ಲಿ ಉಳಿದು ಐರಿಷ್ ಕಲಿಯುವರು. ಇಂಗ್ಲಿಷ್ ಮಾತನಾಡಿದರೆ ಮನೆಗೆ ಕಳಿಸಿಬಿಡುವ ಕಟ್ಟುನಿಟ್ಟು ಅನೇಕ ಕಡೆ ಇದೆ. ಡಬ್ಲಿನ್ನಿನ ಹುಡುಗ ಮಿಠಾಯಿ ಕೊಳ್ಳಲು ಐರಿಷಿನಲ್ಲಿ ಕೇಳಬೇಕು. ಒಂದು ಕಾಲದಲ್ಲಿ ಇಂಗ್ಲಿಷ್ ಬಾರದುದರಿಂದ ನಷ್ಟ ಹೊಂದಿದ ಹಳ್ಳಿಗೆ ಈಗ ಐರಿಷೇ ಆದಾಯದ ಮೂಲವಾಯಿತು. ಆದರೆ ಭಾಷೆಯಿಂದ ಲಾಭ ಪಡೆಯುವ ವರ್ತಕ ಅದರ ಹೆಸರಿಗೆ ಯಾವಾಗಲೂ ಒಲಿಯುವನೆಂದಿಲ್ಲ. 2003ರ ಭಾಷಾ ಕಾನೂನಿನ ಮೇರೆಗೆ ಗೇಲ್ತಾಖ್ತ್ ಊರುಗಳ ಐರಿಷ್ ಹೆಸರುಗಳಿಗೆ ಮಾತ್ರ ಅಧಿಕೃತ ಸ್ಥಾನ ದೊರೆತು, ಡಿಂಗಲ್ ಪಟ್ಟಣ ಫಲಕಗಳಲ್ಲಿ ‘ಅನ್ ಡ್ಯಾಂಗನ್’ ಆದಾಗ, ಪ್ರವಾಸಿಗರು ಗುರುತಿಸುವ ಹೆಸರು ಹೋಗುವುದೆಂದು ಊರಿನ ವರ್ತಕರು ಪ್ರತಿಭಟಿಸಿದರು. 2006ರಲ್ಲಿ ನಡೆದ ಮತದಾನದಲ್ಲಿ ಬಹುದೊಡ್ಡ ಬಹುಮತ ದ್ವಿಭಾಷಾ ಹೆಸರಿನ ಕಡೆಗೆ ಬಿದ್ದಿತು. 2011ರ ಶಾಸನ ಅದನ್ನು ಮಾನ್ಯ ಮಾಡಿತು.

ಇತ್ತೀಚಿನ ಅಂಕಿಅಂಶಗಳು ಹೀಗಿವೆ. 2022ರ ಜನಗಣತಿಯಂತೆ ಗೇಲ್ತಾಖ್ತ್ ಪ್ರದೇಶಗಳ ಜನಸಂಖ್ಯೆ 1,06,220. ಐರಿಷ್ ಬಲ್ಲೆವೆಂದವರು 65,156. ಶಾಲೆಯ ಹೊರಗೆ ಪ್ರತಿದಿನವೂ ಮಾತನಾಡುವವರು 20,261 ಮಾತ್ರ. 2007ರಲ್ಲಿ ಗಾಲ್ವೇ ವಿಶ್ವವಿದ್ಯಾನಿಲಯದ ವಿದ್ವಾಂಸರು ಸರ್ಕಾರಕ್ಕೆ ಒಪ್ಪಿಸಿದ ಸಮೀಕ್ಷೆ, ಊರಿನಲ್ಲಿ ನೂರಕ್ಕೆ 67ರಷ್ಟಾದರೂ ಮಂದಿ ಭಾಷೆಯನ್ನು ನಿತ್ಯ ಬಳಸದಿದ್ದಲ್ಲಿ ಅದು ಸಮುದಾಯದ ಭಾಷೆಯಾಗಿ ನಿಲ್ಲದೆಂದು ತೀರ್ಮಾನಿಸಿತು. ಅದರ ಫಲವಾಗಿ ಬಂದ 2012ರ ಕಾನೂನಿನಂತೆ ಗೇಲ್ತಾಖ್ತ್ 26 ಭಾಷಾ ಯೋಜನಾ ಕ್ಷೇತ್ರಗಳಾಗಿ ವಿಭಾಗವಾಗಿದೆ. ಈ ಯೋಜನೆಗಳಲ್ಲಿ ಶಾಲೆಯ ಜೊತೆಗೆ ಊರಿನ ಅಂಗಡಿ ಮುಂಗಟ್ಟುಗಳೂ ಸೇರಿರುವುದು ಗಮನಾರ್ಹ. ಶಾಲೆಯಲ್ಲಿ ಕಲಿತ ಮಾತನ್ನು ಮಗು ಮೊದಲು ಪರೀಕ್ಷಿಸುವುದು ಅಂಗಡಿಯಲ್ಲಿಯೇ. ಅಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬಂದರೆ ಅದು ಮರುದಿನ ಇಂಗ್ಲಿಷಿನಲ್ಲಿಯೇ ಕೇಳುವುದು.

ಈ ನಡುವೆ ಅಂಗಡಿಯ ಸ್ವರೂಪವೇ ಬದಲಾಗಿದೆ. ಗಿರಾಕಿ ತಾನೇ ಸರಕನ್ನು ಆರಿಸಿಕೊಳ್ಳುವ ಪದ್ಧತಿಯಲ್ಲಿ ‘ಸಕ್ಕರೆ ಇದೆಯೇ’ ಎಂದು ಕೇಳುವ ಸಂದರ್ಭವೇ ಬರುವುದಿಲ್ಲ. ಪೊಟ್ಟಣದ ಮೇಲಿನ ಬರಹ ಬಹುಪಾಲು ಇಂಗ್ಲಿಷ್. ಬರಹದ ಏಕಸ್ವಾಮ್ಯ ಖಾತೆಪುಸ್ತಕದಿಂದ ಇಳಿದು ಸರಕಿನ ಮೈಮೇಲೆಯೇ ಹರಡಿದಂತಾಗಿದೆ. ಅದನ್ನು ಸರಿತೂಗಿಸುತ್ತಿದ್ದ ಮಾತು ಮಾತ್ರ ಕಡಮೆಯಾಗಿದೆ. ಎಣಿಕೆಯಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುವುದು. ಹಳೆಯ ಐರಿಷ್ ಗಣನೆ ಇಪ್ಪತ್ತರ ಲೆಕ್ಕದ್ದು. ಅರವತ್ತನ್ನು ‘ಮೂರು ಇಪ್ಪತ್ತು’, ಎಂಬತ್ತನ್ನು ‘ನಾಲ್ಕು ಇಪ್ಪತ್ತು’ ಎನ್ನುತ್ತಿದ್ದರು. ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು ಎಂಬ ನಾಣ್ಯಪದ್ಧತಿಗೆ ಅದು ಚೆನ್ನಾಗಿ ಹೊಂದುತ್ತಿದ್ದಿತು. ಶಾಲೆಗಳು ಹತ್ತರ ಲೆಕ್ಕದ ಶಬ್ದಗಳನ್ನು ಕಲಿಸಿದವು. 1971ರ ಫೆಬ್ರವರಿಯಲ್ಲಿ ಷಿಲಿಂಗ್ ಹೋಗಿ ದಶಮಾಂಶ ನಾಣ್ಯ ಬಂದಿತು. 2002ರಲ್ಲಿ ಪೌಂಡೂ ಹೋಗಿ ಯೂರೋ ಬಂದಿತು. ಹಿರಿಯರ ‘ಮೂರು ಇಪ್ಪತ್ತು’ ಕಿರಿಯರಿಗೆ ಅಪರಿಚಿತವಾಯಿತು, ಶಾಲೆಯ ಶಬ್ದಗಳು ನಾಲಗೆಗೆ ಪೂರ್ತಿಯಾಗಿ ಹತ್ತಲಿಲ್ಲ. ಐರಿಷಿನಲ್ಲಿ ಸಲೀಸಾಗಿ ಮಾತನಾಡುವವರೂ ಇಸವಿ, ದೂರವಾಣಿ ಸಂಖ್ಯೆ, ಬೆಲೆ ಇವುಗಳನ್ನು ಇಂಗ್ಲಿಷಿನಲ್ಲಿ ಹೇಳುವ ರೂಢಿ ಈಗ ವ್ಯಾಪಕವಾಗಿದೆ. ವಂದನೆ, ಕುಶಲಪ್ರಶ್ನೆ, ಹವಾಮಾನದ ಮಾತು ಎಲ್ಲವೂ ಐರಿಷಿನಲ್ಲಿ ನಡೆದು, ಕೊನೆಗೆ ಎಷ್ಟಾಯಿತೆಂದು ಕೇಳಿದಾಗ ಬರುವ ಸಂಖ್ಯೆ ಇಂಗ್ಲಿಷಿನದು.